ಆಕ್ಸೆಸ್ ಡಿನೈಡ್: ಯಾವ್ದನ್ನ ಮುಟ್ಬಾರ್ದು, ಯಾವ್ದನ್ನ ಬಿಡಿಸ್ಕೋಬಹುದು

ಹಾಸನದಲ್ಲಿ ನಮ್ ಜೊತೆ ಹಾರ್ಡ್‌ವೇರ್ ಕೋರ್ಸ್ ಮಾಡ್ತಿರೋರು ಸುಮಾರ್ ಜನ ವಿಂಡೋಸ್ ಪರ್ಮಿಷನ್ ಚಾಪ್ಟರ್ ಹತ್ರ ಬಂದು ಸಿಕ್ಕಾಕೊಂಡಿದಾರೆ, ಅದಕ್ಕೆ ಈ ನೋಟ್ಸ್. ಆಕ್ಸೆಸ್ ಡಿನೈಡ್ ಅಂತ ಬಂದ್ ತಕ್ಷಣ ಯಾವ್ದೋ ವಿಡಿಯೋ ನೋಡ್ಕೊಂಡು ಇಡೀ ಸಿ ಡ್ರೈವಿಗೆ ಎವ್ರಿವನ್ ಫುಲ್ ಕಂಟ್ರೋಲ್, ಅಂದ್ರೆ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಮಾಡೋ ಹಕ್ಕು, ಕೊಡೋರಿದಾರೆ. ಮಾಡ್ಬೇಡಿ. ಮೆಸೇಜ್ ಒಂದೇ ಆದ್ರೂ ಹಿಂದಿರೋ ಕಾರಣ ಬೇರೆ ಬೇರೆ.

ಮೊದ್ಲು ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್. ಫೋಲ್ಡರ್ ಆಪ್ಷನ್ಸಲ್ಲಿ ಹಿಡನ್ ಫೈಲು, ಪ್ರೊಟೆಕ್ಟೆಡ್ ಸಿಸ್ಟಮ್ ಫೈಲು ಎರಡೂ ಕಾಣೋ ಹಾಗೆ ಮಾಡಿದ್ರೆ ಸಿ ಡ್ರೈವಲ್ಲಿ ಇದು ಕಾಣತ್ತೆ, ಕ್ಲಿಕ್ ಮಾಡಿದ್ರೆ ಒಳಗೆ ಬಿಡಲ್ಲ. ನಿಜ ಹೇಳ್ಬೇಕಂದ್ರೆ ಅಲ್ಲಿ ಫೋಲ್ಡರೇ ಇಲ್ಲ. ಎಕ್ಸ್‌ಪಿ ಕಾಲದಲ್ಲಿ ನಮ್ ಫೈಲೆಲ್ಲ ಇರ್ತಿದ್ದ ಜಾಗ ಅದು, ವಿಸ್ಟಾ ಬಂದ್ಮೇಲೆ ಅದೆಲ್ಲ ಯೂಸರ್ಸ್ ಫೋಲ್ಡರಿಗೆ ಹೋಯ್ತು. ಹಳೇ ಪ್ರೋಗ್ರಾಮ್‌ಗಳು ಹಳೇ ದಾರಿ ಹಿಡ್ಕೊಂಡೇ ಬರ್ತಾವಲ್ಲ, ಅವಕ್ಕೆ ಅಂತ ಅಲ್ಲೊಂದು ಜಂಕ್ಷನ್ ಇಟ್ಟಿದಾರೆ, ಬಸ್‌ಸ್ಟ್ಯಾಂಡ್ ಬೇರೆ ಕಡೆ ಹೋದ್ಮೇಲೆ ಹಳೇ ಜಾಗದಲ್ಲಿ ನೆಟ್ಟ ಬೋರ್ಡ್ ಥರ. ಅದರ ಸೆಕ್ಯುರಿಟಿ ಟ್ಯಾಬಲ್ಲಿ ಎವ್ರಿವನ್‌ಗೆ ಡಿನೈ ಇರತ್ತೆ, ಆದ್ರೆ ಡಿನೈ ಆಗಿರೋದು ಒಳಗೇನಿದೆ ಅಂತ ಪಟ್ಟಿ ನೋಡೋದಕ್ಕೆ ಮಾತ್ರ, ಹಾದು ಹೋಗೋದಕ್ಕಲ್ಲ. ಅಡ್ರೆಸ್ ಬಾರಲ್ಲಿ ಆ ಹೆಸರು ಹಾಕಿ ಮುಂದೆ ನಿಮ್ ಯೂಸರ್ ನೇಮ್, ಡೆಸ್ಕ್‌ಟಾಪ್ ಅಂತ ಪೂರ್ತಿ ಟೈಪ್ ಮಾಡಿ ನೋಡಿ, ಓಪನ್ ಆಗತ್ತೆ.

ಯಾಕೆ ಪಟ್ಟಿ ತೋರ್ಸಲ್ಲ ಅಂದ್ರೆ, ಪ್ರೋಗ್ರಾಮ್‌ಗಳು ತಮ್ ಡೇಟಾ ಇಟ್ಕೊಳೋ ಆಪ್‌ಡೇಟಾ ಫೋಲ್ಡರ್ ಒಳಗಿನ ಲೋಕಲ್ ಫೋಲ್ಡರಲ್ಲಿ ಅಪ್ಲಿಕೇಶನ್ ಡೇಟಾ ಅಂತ ಒಂದು ಜಂಕ್ಷನ್ ಇದೆ, ಅದು ಮತ್ತೆ ಅದೇ ಲೋಕಲ್ ಫೋಲ್ಡರಿಗೇ ಕಳ್ಸತ್ತೆ. ಡಿನೈ ತೆಗೆದ್ರೆ ಬ್ಯಾಕಪ್ ಸಾಫ್ಟ್‌ವೇರ್ ಅದರೊಳಗೆ ಹೋಗಿ, ಮತ್ತೆ ಅದರೊಳಗೆ ಹೋಗಿ, ಪಾತ್ ಉದ್ದ ಮಿತಿ ದಾಟೋ ತನಕ ಸುತ್ತಾ ಇರತ್ತೆ. ಹಂಗಾಗಿ ಈ ಡಿನೈಡು ಎರರ್ ಅಲ್ಲ, ಬೇಕು ಅಂತಲೇ ಇಟ್ಟಿರೋದು.

ಒಳಗೆ ಬಿಡದ ಇನ್ನೊಂದು ಫೋಲ್ಡರ್ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್, ಅದ್ರಲ್ಲಿ ವಿಂಡೋಸನ್ನ ಹಿಂದಿನ ಸ್ಥಿತಿಗೆ ತರೋ ರಿಸ್ಟೋರ್ ಪಾಯಿಂಟ್ ಇರತ್ತೆ, ಬಿಟ್ಟಾಕಿ. ವಿಂಡೋಸ್ ಫೋಲ್ಡರ್ ಒಳಗಿರೋವನ್ನೂ ಮುಟ್ಬೇಡಿ: 64 ಬಿಟ್ ವಿಂಡೋಸಲ್ಲಿ ಸಿಸ್ಟಮ್32 ಅಲ್ಲಿ 64 ಬಿಟ್ ಫೈಲು, ಸಿಸ್‌ವಾವ್64 ಅಲ್ಲಿ 32 ಬಿಟ್ ಫೈಲು, ಹೌದು ಉಲ್ಟಾನೇ, ಯಾರಿಗಾದ್ರೂ ತಲೆ ಕೆಡತ್ತೆ. ವಿನ್‌ಎಸ್‌ಎಕ್ಸ್‌ಎಸ್ ಸೈಜ್ ನೋಡಿ ಗಾಬರಿಯಾಗ್ಬೇಡಿ, ಹಾರ್ಡ್ ಲಿಂಕ್, ಅಂದ್ರೆ ಒಂದೇ ಫೈಲಿಗೆ ಎರಡು ಹೆಸರು, ಇರೋದ್ರಿಂದ ಒಂದೇ ಫೈಲು ಎರಡು ಕಡೆ ಲೆಕ್ಕ ಬೀಳತ್ತೆ, ಜಾಗ ಬೇಕಿದ್ರೆ ಡಿಸ್ಕ್ ಕ್ಲೀನಪ್ ಓಡ್ಸಿ, ಕೈಯಲ್ಲಿ ಡಿಲೀಟ್ ಮಾತ್ರ ಬೇಡ.

ಈಗ ನಿಜವಾಗ್ಲೂ ಕೆಲ್ಸ ಇರೋದು ಹಳೇ ಹಾರ್ಡ್ ಡಿಸ್ಕಲ್ಲಿ. ಸಕಲೇಶಪುರ ಕಡೆ ಒಂದು ಎಸ್ಟೇಟಿನ ಕಂಪ್ಯೂಟರ್ ಸತ್ತೋಗಿದೆ, ಅಲ್ಲಿ ಲೆಕ್ಕ ಬರೆಯೋ ರೈಟರು ಡಿಸ್ಕ್ ಬಿಚ್ಚಿ ತಂದು ಕೊಟ್ಟಿದಾರೆ, ಆಳುಗಳ ಸಂಬಳದ ಲೆಕ್ಕ ಎಲ್ಲ ಅದ್ರಲ್ಲೇ ಇದೆ ಅಂದ್ಕೊಳಿ. ಯುಎಸ್‌ಬಿ ಕೇಸಲ್ಲಿ ಹಾಕಿ ಯೂಸರ್ಸ್ ಒಳಗೆ ಹೋದ್ರೆ ಪರ್ಮಿಷನ್ ಇಲ್ಲ ಅನ್ನತ್ತೆ. ನಿಮ್ ಕಂಪ್ಯೂಟರಲ್ಲೂ ಅದೇ ಹೆಸರಿನ ಯೂಸರ್ ಮಾಡಿದ್ರೂ ಬಿಡಲ್ಲ, ಯಾಕಂದ್ರೆ ವಿಂಡೋಸ್ ಹೆಸರು ನೋಡೋದೇ ಇಲ್ಲ, ಎಸ್‌ಐಡಿ ಅನ್ನೋ ನಂಬರ್ ನೋಡತ್ತೆ. ಸೆಕ್ಯುರಿಟಿ ಟ್ಯಾಬಲ್ಲಿ ಎಸ್-1-5-21 ಅಂತ ಶುರುವಾಗೋ ಉದ್ದದ ನಂಬರ್ ಕಂಡ್ರೆ ಅದು ಆ ಸತ್ತ ಕಂಪ್ಯೂಟರಿನ ಅಕೌಂಟು ಅಂತ ತಿಳ್ಕೊಳಿ.

ಅಲ್ಲಿ ಕಂಟಿನ್ಯೂ ಅಂತ ಬಟನ್ ಬರತ್ತೆ. ಅದನ್ನ ಒತ್ತಿದ್ರೆ ಸುಮ್ನೆ ಒಂದ್ಸಲ ತೆಗಿಯೋದಲ್ಲ, ನಿಮ್ ಅಕೌಂಟನ್ನ ಆ ಫೋಲ್ಡರಿನ ಪರ್ಮಿಷನ್ ಲಿಸ್ಟಿಗೆ ಪರ್ಮನೆಂಟಾಗಿ ಸೇರ್ಸತ್ತೆ. ಹಳೇ ಡಿಸ್ಕಿಗೆ ಪರವಾಗಿಲ್ಲ, ಓಡ್ತಿರೋ ಸಿಸ್ಟಮ್ಮಲ್ಲಿ ಬೇರೆಯವರ ಫೋಲ್ಡರ್ ಮೇಲೆ ಒತ್ತೋಕ್ ಮುಂಚೆ ಯೋಚ್ನೆ ಮಾಡಿ. ಕಂಟಿನ್ಯೂ ಕೆಲ್ಸ ಮಾಡ್ಲಿಲ್ಲ ಅಂದ್ರೆ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಓನರ್ ಪಕ್ಕದ ಚೇಂಜ್, ನಿಮ್ ಹೆಸರು ಹಾಕಿ, ಒಳಗಿನ ಫೋಲ್ಡರಿಗೂ ಓನರ್ ಬದಲಾಯ್ಸೋ ಟಿಕ್ ಹಾಕೋದು ಮರೀಬೇಡಿ. ಓನರ್ ಆದ ಮಾತ್ರಕ್ಕೆ ಓದಕ್ಕಾಗಲ್ಲ, ಪರ್ಮಿಷನ್ ಕೊಟ್ಕೊಳೋ ಹಕ್ಕು ಅಷ್ಟೇ ಬರೋದು, ಆಮೇಲೆ ನಿಮ್ ಹೆಸರಿಗೆ ರೀಡ್ ಕೊಡಿ, ಸಾಕು. ಆಮೇಲೆ ಫೈಲ್‌ನ ಕಾಪಿ ಮಾಡಿ, ಕಾಪಿ ಮಾಡಿದ್ದು ಹೊಸ ಫೋಲ್ಡರಿನ ಪರ್ಮಿಷನ್ ತಗೊಳತ್ತೆ, ಮುಂದೆ ತಂಟೆ ಇರಲ್ಲ. ಫೈಲ್ ಎನ್‌ಕ್ರಿಪ್ಟ್ ಆಗಿದ್ರೆ, ಅಂದ್ರೆ ಕೀ ಇಲ್ದೆ ಓದಕ್ಕಾಗದ ಹಾಗೆ ಗುಪ್ತವಾಗಿದ್ರೆ ಮಾತ್ರ ಇದ್ಯಾವ್ದೂ ಉಪಯೋಗಕ್ಕೆ ಬರಲ್ಲ, ಕೀ ಬೇಕೇ ಬೇಕು.

ಪೆನ್‌ಡ್ರೈವಲ್ಲಿ ಸೆಕ್ಯುರಿಟಿ ಟ್ಯಾಬೇ ಇಲ್ವಲ್ಲ ಅಂತ ಕೇಳ್ತಾರೆ, ಅದು ಫ್ಯಾಟ್32 ಇಲ್ಲಾ ಎಕ್ಸ್‌ಫ್ಯಾಟ್ ಇರತ್ತೆ, ಇವೆಲ್ಲ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ರೀತಿಗಳು, ಫೈಲ್ ಸಿಸ್ಟಮ್ ಅಂತಾರೆ, ಈ ಪರ್ಮಿಷನ್ ಎಲ್ಲ ಎನ್‌ಟಿಎಫ್‌ಎಸ್ ಥರದ ಫೈಲ್ ಸಿಸ್ಟಮ್‌ಗೆ ಮಾತ್ರ.

ಕೊನೇದು, ಓನರ್ ಟ್ರಸ್ಟೆಡ್‌ಇನ್‌ಸ್ಟಾಲರ್ ಅಂತಿದ್ರೆ ಅದು ವಿಂಡೋಸಿನದೇ ಫೈಲು, ಅಡ್ಮಿನ್‌ಗೂ ಬರೆಯೋಕೆ ಬಿಡಲ್ಲ, ಅದೇ ಸರಿ. ಯಾರೋ ಆಗ್ಲೇ ಬದಲಾಯ್ಸಿಟ್ಟಿದ್ರೆ ಅದೇ ಚೇಂಜ್ ಬಾಕ್ಸಲ್ಲಿ ಬರೀ ಟ್ರಸ್ಟೆಡ್‌ಇನ್‌ಸ್ಟಾಲರ್ ಅಂತ ಹೊಡೆದ್ರೆ ಸಿಗಲ್ಲ, ಮೊದ್ಲು ಎನ್‌ಟಿ, ಸ್ಪೇಸ್, ಸರ್ವಿಸ್, ಬ್ಯಾಕ್‌ಸ್ಲ್ಯಾಶ್ ಹಾಕಿ ಆಮೇಲೆ ಆ ಹೆಸರು ಟೈಪ್ ಮಾಡಿ, ಆಗ ತಗೊಳತ್ತೆ.