ಪವರ್ ವೀಡರ್ ಮುಂದಕ್ಕೆ ಹಾರುವುದು ಯಾಕೆ?

ಅಡಿಕೆ ತೋಟದಲ್ಲಿ ಪೆಟ್ರೋಲ್ ಪವರ್ ವೀಡರ್, ಅಂದರೆ ಮಣ್ಣು ಅಗೆದು ಕಳೆ ತೆಗೆಯುವ ಯಂತ್ರ, ಓಡಿಸುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಗಟ್ಟಿ ನೆಲ ಬಂದ ಕೂಡಲೇ ಯಂತ್ರ ಮುಂದಕ್ಕೆ ಹಾರುತ್ತದೆ. ಹಿಡಿದವರು ಹಿಂದಕ್ಕೆ ವಾಲಿ, ಹಲ್ಲು ಕಚ್ಚಿ, ಹ್ಯಾಂಡಲ್ ಎಳೆಯುತ್ತಾರೆ. ತೋಳಲ್ಲಿ ಶಕ್ತಿ ಇದ್ದರೆ ಮಾತ್ರ ಇದನ್ನು ಓಡಿಸಬಹುದು ಎಂದು ತುಂಬಾ ಜನ ನಂಬಿದ್ದಾರೆ. ಈ ನಂಬಿಕೆಯೇ ಕಾಲಿಗೆ ಕುತ್ತು ತರುತ್ತದೆ.

ವಿಷಯ ಇಷ್ಟೇ: ಚಕ್ರದ ಜಾಗದಲ್ಲೇ ಬ್ಲೇಡ್ ಕೂತಿರುವ ಸಣ್ಣ ವೀಡರ್‌ನಲ್ಲಿ ಆ ಬ್ಲೇಡೇ ಚಕ್ರ. ಮಣ್ಣು ಮೆದುವಾಗಿದ್ದರೆ ಬ್ಲೇಡ್ ಒಳಗಿಳಿದು, ಜಾರುತ್ತಾ ಅಗೆಯುತ್ತದೆ. ನೆಲ ಗಟ್ಟಿ ಇದ್ದರೆ ಇಳಿಯಲು ಆಗುವುದಿಲ್ಲ, ಆಗ ನೆಲವನ್ನು ಒದ್ದು ಉರುಳಿಕೊಂಡು ಓಡುತ್ತದೆ. ಕೆಸರಲ್ಲಿ ಸಿಕ್ಕಿಕೊಂಡ ಬೈಕ್ ನೆನಪಿಸಿಕೊಳ್ಳಿ. ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಕೆಸರು ಎರಚುತ್ತಿರುತ್ತದೆ, ಒಣ ನೆಲ ತಾಗಿದ ಕ್ಷಣಕ್ಕೆ ಬೈಕ್ ಚಂಗನೆ ನೆಗೆಯುತ್ತದೆ, ಅಲ್ವಾ? ಅಥವಾ ಬಾವಿಯಲ್ಲಿ ಈಜುವುದನ್ನು ನೆನಪಿಸಿಕೊಳ್ಳಿ. ನೀರಲ್ಲಿ ಕೈ ಬೀಸಿದರೆ ಸ್ವಲ್ಪವೇ ಮುಂದೆ ಹೋಗುತ್ತೇವೆ, ಅದೇ ಕೈಗೆ ಬಾವಿಯ ಕಲ್ಲು ಸಿಕ್ಕಿದರೆ ಇಡೀ ಮೈ ಒಮ್ಮೆಲೇ ಮುಂದಕ್ಕೆ ಬರುತ್ತದೆ. ಕೈ ಅದೇ, ಶಕ್ತಿಯೂ ಅದೇ. ಬದಲಾದದ್ದು ಹಿಡಿತ.

ಅಂದರೆ ಬ್ರೇಕ್ ಎಲ್ಲಿದೆ? ಹಿಂದುಗಡೆ ನೆಲಕ್ಕೆ ಊರುವ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದೇ ಬ್ರೇಕ್. ಹ್ಯಾಂಡಲ್ಲನ್ನು ಕೆಳಗೆ ಒತ್ತಿದರೆ ಪಟ್ಟಿ ಮಣ್ಣಿಗೆ ಇಳಿದು ಯಂತ್ರವನ್ನು ತಡೆಯುತ್ತದೆ. ಮುಂದೆ ಓಡಲಾಗದ ಬ್ಲೇಡ್ ಆಗ ಕೆಳಗೆ ಅಗೆಯುತ್ತದೆ. ಹ್ಯಾಂಡಲ್ ಎತ್ತಿದರೆ ಮತ್ತೆ ಓಟ. ಅದಕ್ಕೇ ಎಳೆಯಬೇಡಿ, ಒತ್ತಿ. ತೀರಾ ಗಟ್ಟಿ ನೆಲವಾದರೆ ಮೊದಲ ಸುತ್ತಿನಲ್ಲೇ ಆಳಕ್ಕೆ ಹೋಗದೆ ಎರಡು ಮೂರು ಸುತ್ತು ಮೇಲಿಂದ ಮೇಲೆ ಹೊಡೆಯಿರಿ. ಹಿಂದಿನ ದಿನ ಸ್ವಲ್ಪ ನೀರು ಹಾಯಿಸಿದ್ದರೆ ಇನ್ನೂ ಒಳ್ಳೆಯದು. ಪಟ್ಟಿ ಅಡ್ಡ ಬರುತ್ತದೆ ಎಂದು ಬಿಚ್ಚಿ ಕೊಟ್ಟಿಗೆಯಲ್ಲಿ ಎಸೆದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಇವತ್ತೇ ಹುಡುಕಿ ಹಾಕಿ.

ಇಂಥ ಬ್ಲೇಡಿನ ಹಿಂದೆ ಒಂದು ಚಂದದ ಕತೆ ಇದೆ. 1912ರಲ್ಲಿ ಆಸ್ಟ್ರೇಲಿಯಾದ ಗಿಲ್ಗಾಂಡ್ರದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ಹುಡುಗ ಅಪ್ಪನ ಜಮೀನಿನಲ್ಲಿ ಉಳುವ ಹೊಸ ಪ್ರಯೋಗ ಶುರುಮಾಡಿದ. ನೇಗಿಲನ್ನು ಎಳೆಯುವ ಬದಲು ಎಂಜಿನ್ ಬಲದಿಂದ ತಿರುಗುವ ಬ್ಲೇಡಿನಲ್ಲಿ ಮಣ್ಣು ಅಗೆಯಬಹುದು ಅನ್ನುವುದು ಅವನ ಯೋಚನೆ. ಮೊದಮೊದಲು ಮಣ್ಣೆಲ್ಲ ಪಕ್ಕಕ್ಕೆ ಹಾರುತ್ತಿತ್ತು. ಬ್ಲೇಡಿನ ತುದಿಯನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಗ್ಗಿಸಿದ ಮೇಲೆ ಸರಿಹೋಯಿತು. 1920ರಲ್ಲಿ ಪೇಟೆಂಟ್ ಸಿಕ್ಕಿತು. ನಾವು ಬಾಯ್ತುಂಬ ಹೇಳುವ ರೋಟವೇಟರ್ ಅನ್ನುವ ಹೆಸರೂ ಅವನ ಯಂತ್ರದಿಂದಲೇ ಬಂದದ್ದು. ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿದರೂ ಅದೇ ಹೆಸರು ಬರುತ್ತದೆ!

ಆದರೆ ಬಗ್ಗಿದ ತುದಿ ಕೊಕ್ಕೆಯ ಹಾಗೆ. ಲುಂಗಿಯ ಅಂಚು, ಬಳ್ಳಿ, ಡ್ರಿಪ್ ಪೈಪು, ಏನು ಸಿಕ್ಕರೂ ಸುತ್ತಿಕೊಳ್ಳುತ್ತದೆ. ಒಂದು ಲೆಕ್ಕ ಹಾಕೋಣ. 30 ಸೆಂಟಿಮೀಟರ್ ವ್ಯಾಸದ ಬ್ಲೇಡ್ ನಿಮಿಷಕ್ಕೆ 150 ಸುತ್ತು ತಿರುಗಿದರೆ, ತುದಿ ಸೆಕೆಂಡಿಗೆ 2.3 ಮೀಟರಿಗಿಂತ ಜಾಸ್ತಿ ಸಾಗುತ್ತದೆ. ಕಣ್ಣಿಗೆ ಕಂಡದ್ದು ಕೈಗೆ ತಲುಪಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಬ್ಲೇಡ್ ಅರ್ಧ ಸುತ್ತು ಮುಗಿಸಿರುತ್ತದೆ. ಹವಾಯಿ ಚಪ್ಪಲಿಯಲ್ಲಿ ತೋಟಕ್ಕೆ ಇಳಿಯಬೇಡಿ, ಗಟ್ಟಿ ಬೂಟು ಹಾಕಿ.

ಹ್ಯಾಂಡಲ್ ಮೇಲೆ ಒಂದು ಲಿವರ್ ಇರುತ್ತದೆ, ಹಿಡಿದಿದ್ದರೆ ಮಾತ್ರ ಬ್ಲೇಡ್ ತಿರುಗುತ್ತದೆ. ಎಡವಿ ಬಿದ್ದರೆ ಕೈ ಬಿಡುತ್ತದೆ, ಬ್ಲೇಡ್ ನಿಲ್ಲುತ್ತದೆ. ಬೆರಳು ನೋಯುತ್ತದೆ ಎಂದು ಅದನ್ನು ಸೈಕಲ್ ಟ್ಯೂಬಿನಿಂದ ಕಟ್ಟಿಬಿಡುತ್ತಾರೆ. ಆಯುಧ ಪೂಜೆಯ ದಿನ ಯಂತ್ರಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟುತ್ತೇವೆ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮನ್ನು ಕಾಯುವುದು ಆ ಲಿವರ್. ಕಟ್ಟಿದ ಟ್ಯೂಬನ್ನು ಅವತ್ತೇ ಬಿಚ್ಚಿ. ರಿವರ್ಸ್ ಗೇರ್ ಹಾಕುವ ಮುಂಚೆ ಬೆನ್ನ ಹಿಂದೆ ಮರ ಇದೆಯಾ ನೋಡಿ. ಕಟ್ಟಿದ ಲಿವರ್, ಹಿಂದೆ ಮರ, ಎದುರಿಗೆ ನಮ್ಮ ಕಡೆಗೇ ಬರುವ ಬ್ಲೇಡ್, ಈ ಮೂರೂ ಸೇರಿದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್ನಿಗೆ ಬ್ಯಾಟರಿಯೇ ಬೇಡ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನ ಅಯಸ್ಕಾಂತ, ತಂತಿ ಸುತ್ತಿದ ಕಾಯಿಲ್ ಪಕ್ಕ ಹಾದುಹೋದರೆ ಸಾಕು, ಕಿಡಿ ಹಾರುತ್ತದೆ. ಮನೆಯ ಸ್ವಿಚ್ ಕರೆಂಟನ್ನು ಕಡಿಯುತ್ತದೆ. ಇಲ್ಲಿಯ ಆಫ್ ಸ್ವಿಚ್ ಕಡಿಯುವುದಿಲ್ಲ, ಕಾಯಿಲ್‌ನ ತಂತಿಯನ್ನು ಎಂಜಿನ್ನಿನ ಮೈಗೆ ಜೋಡಿಸಿ ಕಿಡಿ ಹಾರದ ಹಾಗೆ ಕರೆಂಟನ್ನು ಬೇರೆ ದಾರಿಗೆ ಹರಿಸುತ್ತದೆ. ಇಲಿ ಆ ತಂತಿ ಕಡಿದಿದ್ದರೆ? ಮನೆಯಲ್ಲಾದರೆ ಬಲ್ಬ್ ಆರುತ್ತದೆ, ಇಲ್ಲಿ ಎಂಜಿನ್ ನಿಲ್ಲುವುದೇ ಇಲ್ಲ. ಅದಕ್ಕೇ ಸುಮ್ನೆ ಸ್ವಿಚ್ ನಂಬಿ ಬ್ಲೇಡಿಗೆ ಕೈ ಹಾಕಬಾರದು. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ದೂರ ಸರಿಸಿ, ಆಮೇಲೆ ಸುತ್ತಿಕೊಂಡ ಹುಲ್ಲು ಬಿಡಿಸಿ.

ಹಾಗೆ ಹುಲ್ಲು ಬಿಡಿಸುವಷ್ಟರಲ್ಲಿ ಸೈಲೆನ್ಸರ್ ಕೂಡ ಸ್ವಲ್ಪ ತಣ್ಣಗಾಗುತ್ತದೆ. ಪೆಟ್ರೋಲ್ ಹಾಕುವುದಿದ್ದರೆ ಪೂರ್ತಿ ತಣ್ಣಗಾಗುವ ತನಕ ಕಾಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗದೆ ಟ್ಯಾಂಕಿನಿಂದ ಬಿಸಿ ಸೈಲೆನ್ಸರ್ ಕಡೆಗೆ ನೀರಿನ ಹಾಗೆ ಇಳಿಯುತ್ತದೆ.