ಪೋರ್ಟಿನ ದೀಪ ಉರಿಯುತ್ತಿದ್ದರೂ ಲಿಂಕ್ ಸತ್ತಿರಬಹುದು

"ಸರ, ನೆಟ್ ಹೋಗ್ಯಾದ್ರಿ. ವೇ ಬ್ರಿಜ್ ಮ್ಯಾಲ ಗಾಡಿ ನಿಂತಾವ್ರಿ."

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಒಂದು ದಾಲ್ ಮಿಲ್‌ನಿಂದ ನನಗೆ ಬಂದ ಫೋನ್ ಇದು. ನಾನು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ನೆಟ್ ವಾಪಸ್ ಬಂದಿತ್ತು. ಆದರೆ ಅರ್ಧ ತುಂಬಿದ್ದ ಇ-ವೇ ಬಿಲ್ ಹೋಗಿತ್ತು. ಗುಮಾಸ್ತರು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು, ಹಿಂದೆ ಲಾರಿಗಳ ಸಾಲು ಬೆಳೆಯಿತು.

ಆ ಮಿಲ್‌ಗೆ ನೆಟ್‌ಗೆಂದು ಎರಡು ದಾರಿ ಕೊಟ್ಟಿದ್ದೆವು. ಒಂದು ಫೈಬರ್, ಇನ್ನೊಂದು ವೈರ್‌ಲೆಸ್. ರಸ್ತೆ ಅಗೆಯುತ್ತಿದ್ದ ಜೆಸಿಬಿ ಫೈಬರ್ ಕಡಿದಿತ್ತು, ಸರಿ. ವೈರ್‌ಲೆಸ್ ಲಿಂಕ್ ಚೆನ್ನಾಗಿಯೇ ಇತ್ತಲ್ವಾ? ಅದರ ಕಡೆ ತಿರುಗೋಕೆ ಅಷ್ಟು ಹೊತ್ತು ಯಾಕೆ?

ರೂಟರ್ ಪಕ್ಕದ ಮೀಡಿಯಾ ಕನ್ವರ್ಟರ್, ಅಂದರೆ ಫೈಬರ್ ಸಿಗ್ನಲನ್ನು ಈಥರ್ನೆಟ್‌ಗೆ ಬದಲಿಸುವ ಡಬ್ಬಿ, ನೋಡಿದಾಗ ಕಾರಣ ಸಿಕ್ಕಿತು. ಫೈಬರ್ ಕಡೆಯ ದೀಪ ಆರಿತ್ತು. ರೂಟರ್‌ಗೆ ಹೋಗುವ ಈಥರ್ನೆಟ್ ಕಡೆಯ ದೀಪ ಮಾತ್ರ ಹಸಿರಾಗಿ ಉರಿಯುತ್ತಲೇ ಇತ್ತು. ರೂಟರ್ ಲೆಕ್ಕದಲ್ಲಿ ಪೋರ್ಟ್ ಇನ್ನೂ ಅಪ್. ಹಾಗಾಗಿ ರೂಟರ್‌ಗಳು ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸಲು ಬಳಸುವ ಪ್ರೋಟೋಕಾಲ್ ಓಎಸ್‌ಪಿಎಫ್, ಆ ಕಡೆಯ ರೂಟರ್‌ನ ಹಲೋ ಪ್ಯಾಕೆಟ್‌ಗಳಿಗಾಗಿ ಕಾಯುತ್ತಾ ಕೂತಿತ್ತು. ಅದು ಸಾಮಾನ್ಯವಾಗಿ 10 ಸೆಕೆಂಡಿಗೊಂದು ಹಲೋ ಕಳಿಸುತ್ತದೆ, 40 ಸೆಕೆಂಡ್ ಏನೂ ಬಾರದಿದ್ದರೆ ಮಾತ್ರ ಆ ಕಡೆಯವನು ಇಲ್ಲ ಅಂತ ತೀರ್ಮಾನಿಸುತ್ತದೆ. ಇಂಥದ್ದೇ ಇನ್ನೊಂದು ಪ್ರೋಟೋಕಾಲ್ ಬಿಜಿಪಿಯಂತೂ ಇನ್ನೂ ನಿಧಾನ.

ಇದಕ್ಕೆಂದೇ ಇರುವುದು ಬಿಎಫ್‌ಡಿ, ಅಂದರೆ ಬೈಡೈರೆಕ್ಷನಲ್ ಫಾರ್ವರ್ಡಿಂಗ್ ಡಿಟೆಕ್ಷನ್. 2010ರಲ್ಲಿ ಆರ್‌ಎಫ್‌ಸಿ 5880 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂತು. ಎರಡೂ ಕಡೆಯ ರೂಟರ್‌ಗಳು ಬರೀ 24 ಬೈಟ್‌ನ ಪುಟ್ಟ ಸಂದೇಶಗಳನ್ನು ಬಿಡದೆ ಕಳಿಸಿಕೊಳ್ಳುತ್ತವೆ. ಇಂತಿಷ್ಟು ಸಂದೇಶ ಸತತವಾಗಿ ತಪ್ಪಿತೋ, ಲಿಂಕ್ ಬಿತ್ತು ಅಂತ ತಕ್ಷಣ ಓಎಸ್‌ಪಿಎಫ್‌ಗೂ ಬಿಜಿಪಿಗೂ ಹೇಳುತ್ತದೆ. ಹಲೋ ಸಮಯವನ್ನೇ ಕಡಿಮೆ ಮಾಡಿದರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಒಂದೊಂದು ಪ್ರೋಟೋಕಾಲ್‌ಗೂ ಬೇರೆ ಬೇರೆ ಮಾಡಬೇಕು, ರೂಟ್ ಲೆಕ್ಕ ಹಾಕುವ ಪ್ರೋಗ್ರಾಮ್ ಮೇಲೆಯೇ ಆ ಹೊರೆ ಬೀಳುತ್ತದೆ.

ನಾವು ಬಳಸುವುದು ಲಿನಕ್ಸ್ ಮೇಲೆ ಓಡುವ ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರ್. ಅದರಲ್ಲಿ ಬಿಎಫ್‌ಡಿಗೆ ಬೇರೆಯದೇ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಇದೆ. ಅದನ್ನು ಆನ್ ಮಾಡಿ, ಓಎಸ್‌ಪಿಎಫ್ ಇಂಟರ್‌ಫೇಸ್‌ಗೆ ಒಂದು ಸಾಲು ಸೇರಿಸಿದರೆ ಸಾಕು. ಮೊದಲೇ ಇರುವ ಲೆಕ್ಕ 300 ಮಿಲಿಸೆಕೆಂಡಿಗೊಂದು ಸಂದೇಶ, ಮೂರು ತಪ್ಪಿದರೆ ಡೌನ್. ಅಂದರೆ 900 ಮಿಲಿಸೆಕೆಂಡ್.

ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಎರಡೂ ಲಿಂಕ್‌ಗೆ 50 ಮಿಲಿಸೆಕೆಂಡ್ ಹಾಕಿದೆ. ಅದು ದೊಡ್ಡ ತಪ್ಪು. ಸಂಜೆ ಲೋಡ್ ಜಾಸ್ತಿಯಾದಾಗ ವೈರ್‌ಲೆಸ್‌ನಲ್ಲಿ ಸಂದೇಶಗಳು ಕ್ಯೂನಲ್ಲಿ ಸಿಕ್ಕಿಕೊಂಡವು. ಚೆನ್ನಾಗಿದ್ದ ಲಿಂಕ್ ಬೀಳುವುದು, ಏಳುವುದು, ಮತ್ತೆ ಬೀಳುವುದು. ಪ್ರತಿ ಸಲವೂ ರೂಟ್‌ಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು. ಮೊದಲಿನ ತೊಂದರೆಯೇ ವಾಸಿ ಎನ್ನುವ ಹಾಗಾಯಿತು. ಈಗ ಫೈಬರ್‌ಗೆ 300, ವೈರ್‌ಲೆಸ್‌ಗೆ 1000. ವೇಗ ನಮ್ಮ ಆಸೆ ನೋಡಿ ಇಡುವುದಲ್ಲ, ಆ ಲಿಂಕ್ ತಾಳುವಷ್ಟು ಇಡಬೇಕು.

ಎರಡು ಮಾತು ನೆನಪಿರಲಿ. ಫೈರ್‌ವಾಲ್‌ನಲ್ಲಿ ಯುಡಿಪಿ 3784 ಪೋರ್ಟ್ ತೆರೆದಿರಬೇಕು. ಎರಡೂ ಕಡೆ ಬಿಎಫ್‌ಡಿ ಇರಬೇಕು. ಒಂದೇ ಕಡೆ ಹಾಕಿದರೆ ಸೆಷನ್ ಏಳುವುದೇ ಇಲ್ಲ, ಹಳೇ 40 ಸೆಕೆಂಡೇ ಗತಿ. 'ಶೋ ಬಿಎಫ್‌ಡಿ ಪೀರ್ಸ್' ಕೊಟ್ಟು ಅಪ್ ಅಂತ ಬರುವುದನ್ನು ಕಣ್ಣಾರೆ ನೋಡಿ.

ಟೆಸ್ಟ್ ಮಾಡುವಾಗ ರೂಟರ್‌ನ ಈಥರ್ನೆಟ್ ಕೇಬಲ್ ಕೀಳಬೇಡಿ. ಅದನ್ನು ಕಿತ್ತರೆ ಪೋರ್ಟ್ ತಾನೇ ಡೌನ್ ಆಗುತ್ತದೆ, ಬಿಎಫ್‌ಡಿ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗಲ್ಲ. ಮೀಡಿಯಾ ಕನ್ವರ್ಟರ್‌ನಿಂದ ಫೈಬರ್ ಪ್ಯಾಚ್ ಕಾರ್ಡ್ ಕೀಳಿ. ನಾನು ಪಿಂಗ್ ಬಿಟ್ಟುಕೊಂಡು ಕಿತ್ತೆ. ಈಥರ್ನೆಟ್ ದೀಪ ಹಸಿರಾಗಿಯೇ ಇತ್ತು, ಪಿಂಗ್ ಒಂದೇ ಒಂದು ತಪ್ಪಿತು, ಆಮೇಲೆ ವೈರ್‌ಲೆಸ್ ಮೇಲೆ ನಡೆಯಿತು.