ಎನ್‌ಕಂಬ್ರೆನ್ಸ್ ಅಂದ್ರೆ ಏನು? ಆಟದ ಕವಚ, ಅದರ ತೂಕ, ಅದರ ಭಾರ

ಊರಲ್ಲಿ ಸೈಟು ತಗೊಂಡವರಿಗೆಲ್ಲ ಎನ್‌ಕಂಬ್ರೆನ್ಸ್ ಅನ್ನೋ ಪದ ಗೊತ್ತು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ತೆಗೆಸೋ ಇಸಿ, ಅಂದ್ರೆ ಋಣಭಾರ ಪತ್ರ. ಮುಂಬೈ ಹತ್ರದ ಡೊಂಬಿವಲಿಲಿ ನಾವು ಐದು ಜನ ಭಾನುವಾರ ಕೂತು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವಿ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಎಸೆದು ಕಥೆ ಮುಂದುವರ್ಸೋ ಆಟ ಅದು, ಇಬ್ರು ಉಡುಪಿ ಕಡೆಯವರು, ಇಬ್ರು ಹುಬ್ಬಳ್ಳಿಯವರು, ನಾನು ಇಲ್ಲೇ ಹುಟ್ಟಿದವ. ಮೊದಲ ದಿನ ಈ ಪದ ಬಂದಾಗ ಫೈಟರ್, ಅಂದ್ರೆ ಯೋಧನ ಪಾತ್ರ ಆಡೋ ಹುಬ್ಬಳ್ಳಿಯವನು "ಏನ್ಲೇ, ನನ್ನ ಫೈಟರ್ ಮ್ಯಾಲೆ ಸಾಲ ಐತೇನು?" ಅಂದ. ತಮಾಷೆಗೆ ಅಂದಿದ್ದು, ಆದ್ರೆ ಅರ್ಥ ಅಲ್ಲೇ ಇದೆ. ತಕ್ಕಡಿ ತೋರ್ಸೋದು ತೂಕ, ಹೊತ್ತವನಿಗೆ ತಾಗೋದು ಭಾರ, ಆಟದಲ್ಲಿ ಎನ್‌ಕಂಬ್ರೆನ್ಸ್ ಅಂದ್ರೆ ಈ ಎರಡನೇದು.

ಅದಕ್ಕಿಂತ ಮೊದಲು ಎಸಿ ತಿಳ್ಕೋಬೇಕು. ಮುಂಬೈಲಿ ಎಸಿ ಅಂದ್ರೆ ಎಸಿ ಲೋಕಲ್ ಟ್ರೇನೇ ನೆನಪಾಗೋದು, ಆಟದಲ್ಲಿ ಅದು ಆರ್ಮರ್ ಕ್ಲಾಸ್, ನಿಮ್ಮನ್ನ ಹೊಡೆಯೋದು ಎಷ್ಟು ಕಷ್ಟ ಅಂತ ಹೇಳೋ ಅಂಕಿ. ಎದುರಾಳಿ ಇಪ್ಪತ್ತು ಮುಖದ ದಾಳ ಎಸೆದು ತನ್ನ ಬೋನಸ್ ಕೂಡಿಸ್ತಾನೆ, ಅದು ನಿಮ್ಮ ಎಸಿಗೆ ಸಮ ಆದ್ರೆ ಅಥವಾ ದಾಟಿದ್ರೆ ಏಟು ಬಿತ್ತು ಅಂತ, ಇಲ್ಲಾಂದ್ರೆ ಇಲ್ಲ, ಅಷ್ಟೇ. +4 ಬೋನಸ್ ಇರೋ ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸನಿಗೆ ಎಸಿ 12 ಇದ್ದವನನ್ನ ಹೊಡೆಯೋ ಚಾನ್ಸ್ ನೂರಕ್ಕೆ 65, ಎಸಿ 18 ಇದ್ದವನನ್ನ ಹೊಡೆಯೋಕೆ 35. ಗಮನಿಸಿ, ಕವಚ ಇಲ್ಲಿ ಏಟನ್ನ ಕಮ್ಮಿ ಮಾಡಲ್ಲ, ಬಿದ್ದ ಏಟು ಪೂರ್ತಿ ಬೀಳತ್ತೆ. ಇದು ಸರಿಯಲ್ಲ ಅನ್ನೋರು ಮೊದಲಿಂದ್ಲೂ ಇದ್ದಾರೆ, 1978ರ ರೂನ್‌ಕ್ವೆಸ್ಟ್ ಆಟದಲ್ಲಿ ಕವಚದ ಅಂಕಿಯನ್ನ ಏಟಿನಿಂದಲೇ ಕಳೀತಾರೆ. ನನಗೂ ಅದೇ ಹೆಚ್ಚು ನಿಜ ಅನ್ಸತ್ತೆ, ಆದ್ರೆ ಪ್ರತಿ ಏಟಿಗೂ ಕಳೆಯೋ ಲೆಕ್ಕ ಮಾಡ್ತಾ ಕೂತ್ರೆ ಲಾಸ್ಟ್ ಟ್ರೇನ್ ಹೋಗತ್ತೆ.

'ಕ್ಲಾಸ್' ಯಾಕೆ ಅಂದ್ರೆ, 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಮೊದಲ ಸಲ ಈ ಆಟ ತಂದಾಗ ಲೆಕ್ಕ ಉಲ್ಟಾ ಇತ್ತು, ಕವಚ ಇಲ್ಲದವನಿಗೆ 9, ಪೂರ್ತಿ ಪ್ಲೇಟು, ಅಂದ್ರೆ ಮೈತುಂಬ ಲೋಹದ ತಗಡಿನ ಕವಚ, ಜೊತೆಗೆ ಗುರಾಣಿ ಇದ್ದವನಿಗೆ 2. ಲೋಕಲ್‌ನ ಫಸ್ಟ್ ಕ್ಲಾಸ್ ಸೆಕೆಂಡ್ ಕ್ಲಾಸ್ ತರ, ಅಂಕಿ ಇಳಿದಷ್ಟೂ ಮೇಲು. 2000ದ ಮೂರನೇ ಎಡಿಶನ್‌ನಲ್ಲಿ ಅದನ್ನ ತಿರುಗಿಸಿದ್ರು, ಹೆಸರು ಮಾತ್ರ ಹಂಗೇ ಉಳೀತು.

ಈಗ ತೂಕಕ್ಕೆ ಬರೋಣ, ನಾವು ಆಡೋದು 2014ರ ರೂಲ್ಸು. ಪ್ಲೇಟ್ ಆರ್ಮರ್‌ಗೆ ಎಸಿ 18, ತೂಕ 65 ಪೌಂಡು, ಅಂದ್ರೆ ಹತ್ತತ್ರ 30 ಕಿಲೋ. ಸಾಮಾನ್ಯ ರೂಲ್ ಪ್ರಕಾರ ನಿಮ್ಮ ಶಕ್ತಿಯ ಅಂಕಿಯನ್ನ 15ರಿಂದ ಗುಣಿಸಿದಷ್ಟು ಪೌಂಡ್ ಹೊರಬಹುದು, ಶಕ್ತಿ 15 ಇದ್ರೆ 225, ಯಾರಿಗೂ ಏನೂ ತಾಗಲ್ಲ, ಹೀಗಾಗಿ ಯಾರೂ ಲೆಕ್ಕನೂ ಇಡಲ್ಲ. ಬೇಕಾದ್ರೆ ಬಳಸಿ ಅಂತ ಇನ್ನೊಂದು ರೂಲ್ ಕೊಟ್ಟಿದ್ದಾರೆ, ಅದ್ರಲ್ಲಿ ಶಕ್ತಿಯ ಐದು ಪಟ್ಟು ದಾಟಿದ ಕೂಡ್ಲೆ ಒಂದು ಸರದಿಲಿ ನಡೆಯೋ ದೂರ 10 ಅಡಿ ಕಮ್ಮಿ. ನಮ್ಮ ಹುಬ್ಬಳ್ಳಿ ಫೈಟರ್‌ಗೆ ಶಕ್ತಿ 15, ಮಿತಿ 75 ಪೌಂಡು. ಪ್ಲೇಟ್ 65, ಗುರಾಣಿ 6, ಕತ್ತಿ 3, ಆಯ್ತು 74. ಬ್ಯಾಗೇ 5 ಪೌಂಡು, ಖಾಲಿ ಬ್ಯಾಗ್! ಅದನ್ನ ಹೆಗಲಿಗೆ ಹಾಕಿದ ತಕ್ಷಣ 30 ಅಡಿ ನಡೀತಿದ್ದವನು 20ಕ್ಕೆ ಇಳಿದ. ಅವತ್ತಿಂದ ಅವನ ಹಗ್ಗ, ದೀಪ, ರೊಟ್ಟಿ ಎಲ್ಲ ಹೊರೋದು ಕಳ್ಳನ ಪಾತ್ರ ಆಡೋ ನಮ್ಮ ಉಡುಪಿಯವನು. ಇವನ ಮೈಮೇಲೆ ಇರೋದು ಸ್ಟಡೆಡ್ ಲೆದರ್, ಅಂದ್ರೆ ಮೊಳೆ ಹೊಡೆದ ತೊಗಲಿನ ಕವಚ, 13 ಪೌಂಡು, ಎಸಿ 12, ಮೇಲೆ ಚುರುಕುತನದ +4 ಸೇರಿ 16 ಆಗತ್ತೆ. ಲೋಹದ ಬಳೆ ಹೆಣೆದು ಮಾಡಿದ 55 ಪೌಂಡಿನ ಚೈನ್ ಮೇಲ್ ಹಾಕ್ಕೊಂಡವನಿಗೂ ಅದೇ 16. "ಹಾಗಾದ್ರೆ ಕಬ್ಬಿಣ ಯಾಕೆ ಹೊರೋದು ಮಾರಾಯ" ಅಂತ ಇವನು ಪ್ರತಿ ವಾರ ಕೇಳ್ತಾನೆ. ಮೈ ಚುರುಕಿಲ್ಲದವನಿಗೂ 16 ಸಿಗಲಿ ಅಂತ, ಅಷ್ಟಕ್ಕೇ.

ಸದ್ದಿನದೂ ಒಂದು ಲೆಕ್ಕ ಇದೆ. ಪ್ಲೇಟು, ಚೈನ್ ಮೇಲ್ ಹಾಕ್ಕೊಂಡು ಕದ್ದು ನಡಿಯೋಕೆ ಹೋದ್ರೆ ದಾಳ ಎರಡು ಸಲ ಎಸೆದು ಕಮ್ಮಿ ಬಿದ್ದಿದ್ದನ್ನೇ ತಗೋಬೇಕು. ಚೈನ್ ಶರ್ಟ್‌ಗೆ ಆ ಕಾಟ ಇಲ್ಲ, 20 ಪೌಂಡು, ಬಟ್ಟೆ ನಡುವೆ ಅಡಗತ್ತೆ. 1659ರಲ್ಲಿ ಪ್ರತಾಪಗಡದ ಕೆಳಗೆ ಅಫ್ಜಲ್ ಖಾನನ್ನ ನೋಡೋಕೆ ಹೋದ ಶಿವಾಜಿ ಮಹಾರಾಜ್ರು ಅಂಗಿ ಒಳಗೆ ಹಾಕಿದ್ರು ಅಂತ ಇಲ್ಲಿ ಮಕ್ಕಳಿಗೂ ಗೊತ್ತಿರೋ ಚಿಲಖತ್ ಇದೇ ಜಾತಿ. ಇನ್ನು ಕರ್ಣನ ತರ ಹುಟ್ಟಾ ಬಂದಿದ್ದು ಬೇಕು ಅಂದ್ರೆ ಡ್ರಾಗನ್ ರಕ್ತದ ಸಾರ್ಸರರ್, ಅಂದ್ರೆ ಮಾಂತ್ರಿಕ ಆಗಿ, ಮೈಮೇಲೆ ಹುರುಪೆ, ಎಸಿ 13ರ ಮೇಲೆ ಚುರುಕುತನ, ತೂಕ ಸೊನ್ನೆ.

ನಿಜವಾದ ಕವಚ ಹೊತ್ತವನು ಅಲ್ಲಾಡೋಕೂ ಆಗ್ತಿರ್ಲಿಲ್ಲ, ಕ್ರೇನ್ ಕಟ್ಟಿ ಕುದುರೆ ಹತ್ತಿಸ್ತಿದ್ರು ಅನ್ನೋದು ಶುದ್ಧ ಕಟ್ಟುಕಥೆ. 15ನೇ ಶತಮಾನದ ಯುರೋಪಿನ ಪೂರ್ತಿ ಪ್ಲೇಟು ಸುಮಾರು 20ರಿಂದ 25 ಕಿಲೋ, ಅದೂ ಬೆಲ್ಟು ಪಟ್ಟಿಲಿ ಕಾಲು, ಸೊಂಟ, ಭುಜಕ್ಕೆಲ್ಲ ಹಂಚಿಹೋಗಿರತ್ತೆ. ಒಂದೇ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ನೇತಾಕ್ಕೊಂಡು ಟ್ರೇನಲ್ಲಿ ಠಾಣೆ ಊರಿನ ತನಕ ನಿಂತು ನೋಡಿ, ನಾಲ್ಕೇ ಕಿಲೋ ಇದ್ರೂ ಹೆಗಲು ಬೀಳತ್ತೆ. ಆಟದ ರೂಲ್ಸಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಮೈಗೆ ಹಾಕಿದ 65 ಪೌಂಡೂ ಒಂದೇ, ಕೈಲಿ ಹಿಡಿದ 65 ಪೌಂಡೂ ಒಂದೇ.

ಕವಚಕ್ಕೆ ತೂಕಕ್ಕಿಂತ ದೊಡ್ಡ ಕಷ್ಟ ಸೆಕೆ ಮತ್ತೆ ಟೈಮು. ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲಲ್ಲಿ ನೀರಿಲ್ಲದೆ ಇದ್ರೆ ಬಳಲದೆ ಇರೋಕೆ ಗಂಟೆಗೊಂದು ಸಲ ದಾಳ ಎಸೀಬೇಕು, ಮಧ್ಯಮ ಅಥವಾ ಭಾರೀ ಕವಚ ಹಾಕಿದವನಿಗೆ ಅಲ್ಲೂ ಕಮ್ಮಿ ಬಿದ್ದಿದ್ದೇ ಗತಿ. ರೂಲ್ ಬರೆದವರು ಮೇ ತಿಂಗಳ ಡೊಂಬಿವಲಿ ನೋಡಿದ್ರೆ 90ಕ್ಕೇ ಇಳಿಸ್ತಿದ್ರು. ಪ್ಲೇಟ್ ಹಾಕೋಕೆ 10 ನಿಮಿಷ, ತೆಗೆಯೋಕೆ 5. ಜಗಳದ ಒಂದು ರೌಂಡ್ ಅಂದ್ರೆ 6 ಸೆಕೆಂಡು, ಲೆಕ್ಕ ಹಾಕಿದ್ರೆ ಹಾಕ್ಕೊಳ್ಳೋಕೇ ನೂರು ರೌಂಡು! ಹೋದ ತಿಂಗಳು ರಾತ್ರಿ ತೋಳಗಳು ಬಂದಾಗ ನಮ್ಮ ಫೈಟರ್ ಬನಿಯನ್ನಲ್ಲೇ ಗುರಾಣಿ ಹಿಡ್ಕೊಂಡು ಓಡಿದ, ಎಸಿ 13, ಆದ್ರೆ ಅವತ್ತು ಎಲ್ರಿಗಿಂತ ಮುಂದೆ ಇದ್ದವನು ಅವನೇ.